ತಂಬಿಟ್ಟಿನ ಆನೆ

ಕುಮಟೆ, 14 ಮಾರ್ಚ್ 1962, ಬುಧವಾರ

ನಾಗಪತಿ ಯಾರೋ ವಿಮಾ ಏಜೆಂಟನ ಹತ್ತಿರ ಕೇಳಿ ಈ ಡೈರಿ ತಂದು ನನ್ನ ಮುಂದೆ ಇಟ್ಟ. "ಆಯೀ, ನೀನು ಮುಲ್ಕಿ ಪರೀಕ್ಷೆ ಪಾಸಾದವ್ಳು. ಎಂತಾರೂ ಬರಿ. ಗೋಡೆ ಸಂತಿಗೆ ಮಾತಾಡೂದಕ್ಕಿಂತ ಒಳ್ಳೇದು" ಅಂದ. ಹೆತ್ತ ತಾಯಿಗೆ ಹೇಳುವ ಮಾತೇ ಇದು? ಗೋಡೆ ಒಂದು ಲೆಕ್ಕದಲ್ಲಿ ಇವನಿಗಿಂತ ವಾಸಿ, ಎದುರುತ್ತರ ಕೊಡುವುದಿಲ್ಲ.

ಬರೆಯುವುದಕ್ಕೆ ಏನಿದೆ? ಇವರು ಹೋಗಿ ವರ್ಷ ಕಳೆಯಿತು. ಮಾಘದಲ್ಲಿ ವರ್ಷದ ಶ್ರಾದ್ಧವೂ ಮುಗಿಯಿತು. ಅದೇ ಹೊತ್ತಿಗೆ ಅಷ್ಟಗ್ರಹ ಕೂಟ ಬಂದು ಪ್ರಳಯವಾಗುತ್ತದೆ ಎಂದು ಪೇಟೆಯವರೆಲ್ಲ ಹೆದರಿ ಹೋಮ ಮಾಡಿಸಿದರು. ಪ್ರಳಯ ಆಗಲಿಲ್ಲ. ನನಗೆ ಆಗಬೇಕಾದ ಪ್ರಳಯ ಹಿಂದಿನ ವರ್ಷವೇ ಆಗಿಹೋಗಿತ್ತು.

ಇನ್ನು ಮನೆಯಲ್ಲಿ ಹಬ್ಬ ಹುಣ್ಣಿಮೆ ಮಾಡಬಹುದಂತೆ. ಯಾರು ಮಾಡಬೇಕು? ಸೊಸೆ ಎಂದು ಒಬ್ಬಳಿದ್ದಾಳೆ, ಸುಮತಿ, ಭಟ್ಕಳದವಳು. ಬಾಲವಾಡಿಯಲ್ಲಿ ಟೀಚರು. ಎಲೆಯಲ್ಲಿ ಹಾವು, ಕಾಗದದಲ್ಲಿ ಕಪ್ಪೆ ಮಾಡುವುದಕ್ಕೆ ಅವಳಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಹೋಳಿಗೆ ಲಟ್ಟಿಸುವ ತರಬೇತಿ ಮಾತ್ರ ಯಾರೂ ಕೊಟ್ಟಿಲ್ಲ.

18 ಮಾರ್ಚ್, ಭಾನುವಾರ

ಅನ್ನ ಬಡಿಸುತ್ತಾ ಸೊಸೆ ಕೇಳಿದಳು: "ಅತ್ತೆ, ಈ ವರ್ಷ ಚೈತ್ರ ಗೌರಿ ಕೂರಿಸವು ಅಲ್ದಾ?"

ಕೂರಿಸದೆ ಬಿಡುವುದುಂಟೇ? ನಮ್ಮ ಮಾವ ಬ್ರಿಟಿಷರ ಕಾಲದಲ್ಲಿ ರತ್ನಾಗಿರಿಯಲ್ಲಿ ನೌಕರಿಗಿದ್ದರು. ಅಲ್ಲಿಯ ಹೆಂಗಸರಿಂದ ನಮ್ಮ ಅತ್ತೆ ಕಲಿತು ತಂದ ಪದ್ಧತಿ ಇದು. ಚೈತ್ರದ ತದಿಗೆಗೆ ಗೌರಿಯನ್ನು ಪುಟ್ಟ ತೊಟ್ಟಿಲಲ್ಲಿ ಕೂರಿಸಬೇಕು. ಅಕ್ಷಯ ತದಿಗೆಯೊಳಗೆ ಒಂದು ಶುಕ್ರವಾರ ಕೇರಿಯ ಮುತ್ತೈದೆಯರನ್ನೆಲ್ಲ ಅರಿಶಿನ-ಕುಂಕುಮಕ್ಕೆ ಕರೆದು ಕೋಸಂಬರಿ, ಪಾನಕ, ನೆನೆಸಿದ ಕಡಲೆ ಕೊಡಬೇಕು. ಗೌರಿಯ ಮುಂದೆ ತಿಂಡಿಗಳನ್ನು ಚೆಂದ ಮಾಡಿ ಜೋಡಿಸಿಡಬೇಕು. ಅತ್ತೆಯ ನಂತರ ಇದೆಲ್ಲ ನನ್ನ ಕೈಗೆ ಬಂತು. ನನ್ನ ಹೋಳಿಗೆ ತಿನ್ನಲು ಹಳದೀಪುರದಿಂದ ಬಸ್ಸು ಹಿಡಿದು ಬಂದವರಿದ್ದಾರೆ.

ಆದರೆ ಈಗ ನಾನು ಕುಂಕುಮ ಅಳಿಸಿಕೊಂಡವಳು. ಅರಿಶಿನ-ಕುಂಕುಮದ ದಿನ ಮುತ್ತೈದೆಯರ ಎದುರಿಗೆ ವಿಧವೆ ಬರಬಾರದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ನೀನೇ ಕೂರಿಸು, ನೀನೇ ಕುಂಕುಮ ಕೊಡು. ಆನು ಆ ದಿನ ಹೊಳನಗದ್ದೆಗೆ ವೆಂಕಟನ ಮನೆಗೆ ಹೋಗ್ತಿ" ಅಂದೆ. ವೆಂಕಟ ನನ್ನ ತಮ್ಮ.

ಸೊಸೆ ಇನ್ನೊಂದು ಸೌಟು ಅನ್ನ ಹಾಕಿದಳು. "ಆತು ಅತ್ತೆ" ಅಂದಳು. ಅಷ್ಟು ಬೇಗ ಒಪ್ಪಿಕೊಳ್ಳಬೇಕಿತ್ತೇ?

ಸಂಜೆಯೇ ಎರಡು ಸೀರೆ, ಜಪಸರ ಚೀಲಕ್ಕೆ ತುಂಬಿ ನಡುಮನೆಯ ಗೂಟಕ್ಕೆ ನೇತುಹಾಕಿದೆ. ಇನ್ನೂ ತಿಂಗಳ ಮೇಲಿದೆ, ಇರಲಿ. ಹೋಗುವವಳು ಹೋಗುತ್ತಾಳೆ ಎಂದು ಮನೆಯವರಿಗೆ ದಿನಾ ಕಾಣಲಿ.

5 ಏಪ್ರಿಲ್, ಯುಗಾದಿ

ಬೇವು-ಬೆಲ್ಲ ತಿಂದೆ. ಬೇವೇ ಹೆಚ್ಚಾಗಿತ್ತು. ಅಥವಾ ನನ್ನ ನಾಲಿಗೆಯೇ ಹಾಗಾಗಿದೆ.

8 ಏಪ್ರಿಲ್, ಭಾನುವಾರ

ನಿನ್ನೆ ಗೌರಿ ಕೂತಳು. ತೊಟ್ಟಿಲು ತಿಕ್ಕಿ ಬೆಳಗಿದ್ದು ನಾನು, ಕೂರಿಸಿದ್ದು ಸೊಸೆ. ನಾನು ಬಾಗಿಲ ಹೊರಗೆ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದೆ. ಅರಿಶಿನ-ಕುಂಕುಮಕ್ಕೆ ಇಪ್ಪತ್ತೇಳನೇ ತಾರೀಕಿನ ಶುಕ್ರವಾರ ಎಂದು ಗೊತ್ತಾಯಿತು.

ಇವತ್ತು ಹೋಳಿಗೆಯ ಪರೀಕ್ಷೆ. ಲಟ್ಟಿಸಿದರೆ ಹೂರಣ ಒಂದು ಕಡೆ, ಕಣಕ ಒಂದು ಕಡೆ, ಜಗಳವಾಡಿದ ಗಂಡ ಹೆಂಡಿರ ಹಾಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಲಟ್ಟಣಿಗೆ ಡೊಂಕು ಅಂದಳು. ಆ ಲಟ್ಟಣಿಗೆಯಲ್ಲಿ ನಾನು ಮೂವತ್ತು ವರ್ಷ ಲಟ್ಟಿಸಿದ್ದೇನೆ, ಹಾಗಾದರೆ ನಾನೂ ಡೊಂಕೇ? ನಾನೇ ಲಟ್ಟಿಸಿಕೊಟ್ಟು ಹೋಗಬಹುದಿತ್ತು. ಆದರೆ ಗೌರಿಯ ಮುಂದಿನ ಹೋಳಿಗೆ ಮನೆಯ ಮುತ್ತೈದೆಯ ಕೈಯದೇ ಆಗಬೇಕು ಎಂದು ಅತ್ತೆ ಹೇಳುತ್ತಿದ್ದರು.

ಆಮೇಲೆ ಮೆಲ್ಲಗೆ ಅಂದಳು: "ಅತ್ತೆ, ನಂಗೆ ಬಪ್ಪದು ಮಾಡ್ಲಾ? ಗೌರಿ ಮುಂದೆ ಪ್ರಾಣಿಗಳನ್ನ ಇಡ್ತಿ. ಕಲ್ಲಂಗಡಿ ಆಮೆ, ಸೌತೆಕಾಯಿ ಮೊಸಳೆ, ಗೇರುಹಣ್ಣಿನ ಗಿಳಿ. ಮಧ್ಯದಲ್ಲಿ ತಂಬಿಟ್ಟಿನ ಆನೆ. ಬಾಲವಾಡಿ ಮಕ್ಕಳನ್ನೂ ಕರೆಯುವ."

ಗೌರಿಯ ಮುಂದೆ ಮೊಸಳೆ! ಶಿವ ಶಿವಾ! "ಗೌರಿ ಅರಿಶಿನ-ಕುಂಕುಮಕ್ಕೆ ಬೈಂದೋ, ಸರ್ಕಸ್ ನೋಡಲೆ ಬೈಂದೋ?" ಅಂದೆ. ನಾಗಪತಿ ಉಣ್ಣುತ್ತಿದ್ದವನು ನಕ್ಕು ನೆತ್ತಿಗೇರಿಸಿಕೊಂಡ. ಕೋರ್ಟಿನಲ್ಲಿ ಗುಮಾಸ್ತನಾದವನಿಗೆ ಯಾವಾಗ ನಗಬೇಕೆಂದು ಗೊತ್ತಿರಬೇಡವೇ?

ಏನಾದರೂ ಮಾಡಿಕೊಳ್ಳಲಿ. ನಾನಂತೂ ಆ ದಿನ ಇಲ್ಲಿರುವುದಿಲ್ಲ.

12 ಏಪ್ರಿಲ್, ಗುರುವಾರ

ಹಣ್ಣು ಮಾರುವ ಮಂಜಿ ಬುಟ್ಟಿ ತುಂಬ ಗೇರುಹಣ್ಣು ತಂದಿದ್ದಳು. ಸೊಸೆ ಒಂದನ್ನು ಬೀಜ ಸಮೇತ ಎತ್ತಿ ತಲೆಕೆಳಗೆ ಮಾಡಿ ಹಿಡಿದಳು. ಬೀಜ ಮೇಲೆ ಬಂತು, ಬಾಗಿದ ಕೊಕ್ಕಿನ ತಲೆ. ಕೆಳಗೆ ಕೆಂಪು ಹೊಟ್ಟೆ. ಹಿಂದೆ ಒಂದು ಮಾವಿನೆಲೆ ಸಿಕ್ಕಿಸಿದಳು, ಬಾಲ. ಸುಳ್ಳು ಯಾಕೆ ಹೇಳಲಿ, ಗಿಳಿಯೇ.

"ಅಯ್ಯಬ್ಬಾ, ಹಾರೂಕೆ ಬತ್ತದಾ ಇದಕ್ಕೆ?" ಎಂದು ಮಂಜಿ ಕೆನ್ನೆಗೆ ಕೈ ಇಟ್ಟುಕೊಂಡಳು.

ನಾನು ಸುಮ್ಮನಿರಬೇಕೆಂದಿದ್ದೆ. ಆದರೆ ಗೇರುಬೀಜದ ಸೊನೆ ತಾಗಿದರೆ ತುಟಿ ಬೆಂದು ಹೋಗುತ್ತದೆ. ಮಕ್ಕಳು ಮೊದಲು ಬಾಯಿ ಹಾಕುವುದೇ ತಲೆಗೆ. "ಗಿಳಿ ಗೌರಿ ಹತ್ರ ಮೇಲೆ ಕೂರಲಿ. ಕೊಡುವಾಗ ಬೀಜ ತಿರುಪಿ ತೆಗೆದು, ಹಣ್ಣು ತೊಳೆದು, ಉಪ್ಪು ಹಚ್ಚಿ ಕೊಡವು. ಭಟ್ಕಳದಲ್ಲಿ ಗೇರುಮರ ಇಲ್ಲೆಯಾ?" ಎಂದು ಕೇಳಿದೆ.

"ಇದ್ದು ಅತ್ತೆ. ಮರೆತು ಹೋಗಿತ್ತು" ಅಂದಳು. ಮತ್ತೆ, "ಕಣ್ಣಿಗೆ ಎಂತ ಹಾಕೂದು?" ಎಂದು ಕೇಳಿದಳು.

ಲವಂಗ ಎಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ.

16 ಏಪ್ರಿಲ್, ಸೋಮವಾರ

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ಇದೆ. ಸೊಸೆ ಆನೆ ಮಾಡಲು ಹೋಗಿ ಎಮ್ಮೆ ಮಾಡಿದಳು. ಅದೂ ಕೆಸರಿನಲ್ಲಿ ಮಲಗಿದ ಎಮ್ಮೆ. ಹುರಿದ ಅಕ್ಕಿಹಿಟ್ಟು, ಪುಟಾಣಿ ಹಿಟ್ಟು, ಕಾಯಿತುರಿ, ಏಲಕ್ಕಿ ಎಲ್ಲ ಸರಿ. ಪಾಕ ಮಾತ್ರ ನೀರು. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ್ದ ಆನೆ ನಾವು ನೋಡುನೋಡುತ್ತಿದ್ದ ಹಾಗೆ ಮೊಣಕಾಲು ಮಡಚಿ, ಹೊಟ್ಟೆ ಊರಿ, ಕೊನೆಗೆ ಸೊಂಡಿಲನ್ನೂ ಕೆಳಗೆ ಬಿಟ್ಟಿತು.

ಸುಮತಿಯ ಮುಖ ನೋಡಬೇಕಿತ್ತು. ನನಗೆ ನಗು ಬಂತು. ವರ್ಷದ ಮೇಲೆ ನಕ್ಕಿದ್ದು, ಅದೂ ಸೊಸೆಯ ಕಷ್ಟ ನೋಡಿ. ಛೇ.

"ಇತ್ಲಾಗೆ ಕೊಡು. ಪಾಕ ಹೇಳಿದ್ರೆ ಎರಡು ಬೆರಳಿನ ಮಧ್ಯೆ ಎಳೆ ಬರವು" ಎಂದು ಬಾಣಲೆ ಕಸಿದುಕೊಂಡೆ. ಬೆಲ್ಲ ಹಾಳಾಗಬಾರದು ಎಂದು ಮಾತ್ರ.

18 ಏಪ್ರಿಲ್, ಬುಧವಾರ

ಪಾಕ ಸರಿಯಾದರೂ ಆನೆ ನಿಲ್ಲುವುದಿಲ್ಲ. ಹೊಟ್ಟೆ ಭಾರ, ಕಾಲು ಬಿರಿಯುತ್ತದೆ. ಕಾಲಿನೊಳಗೆ ಕಸಬರಿಗೆಯ ಹಿಡಿಕಡ್ಡಿ ಚುಚ್ಚಿ ನಿಲ್ಲಿಸುವ ಎಂದಳು ಸುಮತಿ. ಮಕ್ಕಳ ಗಂಟಲಿಗೆ ಚುಚ್ಚಲಿ ಎಂದೇ? ಬೇಡ ಅಂದೆ. ಮಧ್ಯಾಹ್ನ ಮಲಗಿದವಳಿಗೆ ಚಂಪಾ ನೆನಪಾದಳು.

ಇವರು ಹೊನ್ನಾವರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದಾಗ ದಿಮ್ಮಿ ಎಳೆಯಲು ಈ ಚಂಪಾ ಎಂಬ ಹೆಣ್ಣಾನೆ ಇತ್ತು. ಮದುವೆಯಾದ ಹೊಸತರಲ್ಲಿ ನನ್ನನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ಅದು ಕೆಲಸ ಮುಗಿಸಿ ಹಿಂಗಾಲು ಮಡಚಿ, ಮುಂಗಾಲು ಚಾಚಿ ಕೂತಿತ್ತು, ಥೇಟು ಜಗಲಿಯ ಮೇಲೆ ಎಲೆಯಡಿಕೆ ಹಾಕಲು ಕೂತ ಅಜ್ಜಿ. ಕೈಯಲ್ಲಿ ಬೆಲ್ಲ ಹಿಡಿದು ಕೊಟ್ಟೆ. ಅದು ಬೆಲ್ಲ ತೆಗೆದುಕೊಂಡು ನನ್ನ ಹೊಸ ಕುಪ್ಪಸದ ತೋಳಿಗೆ ಸೊಂಡಿಲು ಒರೆಸಿತು. ನಾನು ಕಿರುಚಿದೆ. ಇವರು ನಕ್ಕರು, ಹೊಟ್ಟೆ ಹಿಡಿದುಕೊಂಡು, ದಿಮ್ಮಿಯ ಮೇಲೆ ಕುಸಿದು ಕೂತು ನಕ್ಕರು.

ಒಂದು ವರ್ಷದಿಂದ ಇವರು ಎಂದರೆ ನನಗೆ ಆ ಕೊನೆಯ ವಾರದ ಕೆಮ್ಮೊಂದೇ ಕೇಳಿಸುತ್ತಿತ್ತು. ಹೀಗೆ ನಗುತ್ತಿದ್ದರು ಎನ್ನುವುದು ಎಲ್ಲಿ ಹೋಗಿ ಕೂತಿತ್ತೋ.

ಎದ್ದು ಹೋಗಿ ಆನೆಯನ್ನು ಕೂರಿಸಿ ಮಾಡಿದೆ. ಹಿಂಗಾಲು ಮಡಚಿ, ಮುಂಗಾಲು ಚಾಚಿ. ಬೀಳಲಿಲ್ಲ. ಕಿವಿಗೆ ತೆಳ್ಳಗೆ ಕೊಯ್ದ ಕಾಯಿಯ ಹೋಳು, ದಂತಕ್ಕೆ ಕಾಯಿ ಚೂರು, ಬಾಲಕ್ಕೆ ಕರಿದ ಶಾವಿಗೆ. ಸುಮತಿ ಸುತ್ತಲೂ ತಿರುಗಿ ನೋಡಿ ಅಂದಳು: "ಅತ್ತೆ, ಇದು ಎಂತದೋ ಯೋಚನೆ ಮಾಡ್ತಾ ಕೂತಾಂಗೆ ಕಾಣ್ತು!"

"ಯೋಚನೆ ಅಲ್ಲ. ಬೆಲ್ಲ ಎಲ್ಲಿದ್ದು ಹೇಳಿ ನೋಡ್ತಾ ಇದ್ದು" ಅಂದೆ. ಚಂಪಾಳ ಕಥೆ ಪೂರಾ ಹೇಳಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಂಜೆಯ ದೀಪ ಹಚ್ಚುವುದೂ ತಡವಾಯಿತು.

22 ಏಪ್ರಿಲ್, ಭಾನುವಾರ

ಪರೀಕ್ಷೆಗೆಂದು ಮಾಡಿದ್ದ ಆನೆಯನ್ನು ನಾಗಪತಿ ತಿಂದು ಮುಗಿಸಿದ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಇವನ ಹೊಟ್ಟೆಗೆ ಹೋದರೆ ಕಾಸಿಗೂ ಇಲ್ಲ. "ಏಲಕ್ಕಿ ಸ್ವಲ್ಪ ಕಮ್ಮಿ ಆತು ಆಯಿ" ಎಂದು ತೀರ್ಪು ಬೇರೆ ಕೊಟ್ಟ.

ಸುಮತಿ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಕರೆಯಲು ಹೋಗಿದ್ದಳು. ಪುರೋಹಿತರ ಹೆಂಡತಿ ತುಂಗಕ್ಕ ನನ್ನ ವಿಷಯ ಕೇಳಿದಳಂತೆ, "ಮಾದೇವಿ ಇರ್ತಿಲ್ಲೆ ಅಲ್ದಾ ಆ ದಿನ?" ಎಂದು. ತುಂಗಕ್ಕ ಮತ್ತು ನಾನು ಒಂದೇ ವರ್ಷ ಕುಮಟೆಗೆ ಸೊಸೆಯಂದಿರಾಗಿ ಬಂದವರು. ಅವಳು ಕೆಟ್ಟದ್ದಕ್ಕೆ ಕೇಳಿದ್ದಲ್ಲ, ನನಗೆ ಗೊತ್ತು. ಶಾಸ್ತ್ರ ತಿಳಿದವಳು ಕೇಳುವುದನ್ನೇ ಕೇಳಿದ್ದಾಳೆ. ಆದರೂ ರಾತ್ರಿ ಊಟ ಸೇರಲಿಲ್ಲ.

26 ಏಪ್ರಿಲ್, ಗುರುವಾರ

ಕಲ್ಲಂಗಡಿ ಗೋಕರ್ಣದ ಕಡೆಯದು, ಬಡಿದರೆ ಒಳ್ಳೆ ಸದ್ದು. ಸೌತೆಕಾಯಿ ಬುಟ್ಟಿ ತುಂಬ ಬಂದಿದೆ. ಕಡಲೆ ನೆನೆಹಾಕಿದೆ. ಒಂದು ಎಳೆ ಹಲಸಿನ ಗುಜ್ಜೆಗೆ ನಾಲ್ಕು ಕಾಲು, ಮೂತಿ ಹಚ್ಚಿ ಮುಳ್ಳುಹಂದಿ ಮಾಡಬಹುದು ಎಂದು ನನಗೇ ಹೊಳೆಯಿತು. ತಿನ್ನಲಾಗದು, ಮರುದಿನ ಪಲ್ಯಕ್ಕಾಗುತ್ತದೆ. ಸುಮತಿ ಕೈ ಚಪ್ಪಾಳೆ ತಟ್ಟಿದಳು. ನೋಡಿ, ಇಂಥದ್ದಕ್ಕೆ ಚಪ್ಪಾಳೆ.

ನಾಳೆ ಬೆಳಿಗ್ಗೆ ಹೊನ್ನನ ಗಾಡಿ ಬರುತ್ತದೆ. ವೆಂಕಟ ಹೇಳಿ ಕಳಿಸಿದ್ದಾನೆ. ತಂಬಿಟ್ಟು ಹಿಂದಿನ ದಿನ ಕಟ್ಟಿದರೆ ಬಿರಿಯುತ್ತದೆ, ಆದ್ದರಿಂದ ಆನೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಕೂರಿಸಿಕೊಟ್ಟು ಹೊರಡಬೇಕು. ಅತ್ತೆ ಹೇಳಿದ ಶಾಸ್ತ್ರ ಹೋಳಿಗೆಗೆ, ಆನೆಗಲ್ಲ.

28 ಏಪ್ರಿಲ್, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಎಲ್ಲ ಬರೆಯುತ್ತೇನೆ.

ಹೊನ್ನ ಗಾಡಿ ತಂದಾಗ ನನ್ನ ಎರಡೂ ಕೈ ತಂಬಿಟ್ಟಿನಲ್ಲಿದ್ದವು. "ಅಮ್ಮಾ, ಹೊರಡೂದಾ? ಬಿಸಿಲು ಏರ್ತದೆ" ಎಂದು ಅಂಗಳದಿಂದ ಕೂಗಿದ.

"ಕೂತ್ಕೋ ಮಾರಾಯಾ. ಆನೆಗೆ ಕಿವಿ ಬರ್ಲಿಲ್ಲ ಇನ್ನೂ" ಅಂದೆ.

ದೋಸೆ ತಿಂದ, ಗಾಡಿಯ ನೆರಳಲ್ಲಿ ಒಂದು ನಿದ್ದೆ ಮಾಡಿದ, ಎದ್ದು ಬಂದು ಮತ್ತೆ ಕೇಳಿದ. ಆಗ ಬಾಲ ಆಗಿರಲಿಲ್ಲ. ಬಾಲವಾದ ಮೇಲೆ ನೋಡಿದರೆ ಮೊಸಳೆಯ ಹಲ್ಲು ಸುಮತಿ ಎಲ್ಲ ಒಂದೇ ಅಳತೆಯಲ್ಲಿ ಕೊಯ್ದಿದ್ದಾಳೆ, ಗರಗಸದ ಹಾಗೆ. ಅದನ್ನು ಸರಿ ಮಾಡಿದೆ. ಆಮೆಯ ಬೆನ್ನಿಗೆ ಗೆರೆ ಎಳೆದೆ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಇನ್ನು ಈ ಧಗೆಯಲ್ಲಿ ಎತ್ತುಗಳನ್ನು ಓಡಿಸುವುದು ಪಾಪ. "ನಾಳೆ ಬಾ" ಎಂದು ಹೊನ್ನನನ್ನು ಕಳಿಸಿಬಿಟ್ಟೆ. ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರಾಯಿತು. ಮುಖ ಕಾಣದಿದ್ದರೆ ಹೊಳನಗದ್ದೆಯಲ್ಲಿದ್ದರೇನು, ಒಲೆಯ ಹಿಂದಿದ್ದರೇನು?

ನಾಲ್ಕು ಗಂಟೆಗೆ ಹೆಂಗಸರು ಬರತೊಡಗಿದರು. ಅಡಿಗೆಮನೆಯ ಬಾಗಿಲ ಸಂದಿಯಿಂದ ನಡುಮನೆ ಚೆನ್ನಾಗಿ ಕಾಣುತ್ತದೆ. ತೊಟ್ಟಿಲಲ್ಲಿ ಗೌರಿ, ಅವಳ ತಲೆಯ ಮೇಲೆ ಸಾಲಾಗಿ ಗಿಳಿಗಳು. ಕೆಳಗೆ ಬಾಳೆಲೆಯ ಮೇಲೆ ಕಲ್ಲಂಗಡಿ ಆಮೆ, ಬಾಯಿ ತೆರೆದ ಮೊಸಳೆ, ಮೂಲೆಯಲ್ಲಿ ಮುಳ್ಳುಹಂದಿ. ಮಧ್ಯೆ ಹಿತ್ತಾಳೆ ಹರಿವಾಣದಲ್ಲಿ ನನ್ನ ಆನೆ. ಬಂದವರೆಲ್ಲ ಹೊಸ್ತಿಲಲ್ಲೇ "ಅಯ್ಯಯ್ಯೋ, ಚೆಂದವೇ!" ಎನ್ನುವವರು. ಬಾಲವಾಡಿಯ ಮಕ್ಕಳಂತೂ ಆನೆಯ ಸುತ್ತ ಉಸಿರು ಬಿಡದೆ ಕೂತಿದ್ದವು. ನನಗೆ ಅಲ್ಲಿ ಹೋಗಿ ನಿಲ್ಲಬೇಕು ಅನ್ನಿಸಿತು. ಮಾಡಿದವಳಿಗೆ ನೋಡುವವರ ಮುಖ ಹತ್ತಿರದಿಂದ ನೋಡುವ ಆಸೆ ಇರುವುದಿಲ್ಲವೇ?

ಆರತಿ ಆಯಿತು, ಕುಂಕುಮ ಆಯಿತು, ಪಾನಕ ಕೋಸಂಬರಿ ಆಯಿತು. ಮೊಸಳೆ, ಆಮೆ ಎರಡೂ ಗಳಿಗೆಯಲ್ಲಿ ಖಾಲಿ. ಇನ್ನು ಆನೆ. ಸುಮತಿ ಹಂಚುವುದಕ್ಕೆ ಕತ್ತಿ ತಂದು ಸೊಂಡಿಲ ಬುಡಕ್ಕೆ ಹಿಡಿದಳು.

"ತಡಿಯೇ ಕೂಸೆ!" ತುಂಗಕ್ಕನ ಗಂಟಲು. "ಹಿಟ್ಟಿನ ಪ್ರಾಣಿ ಮಾಡಿ ಕೊಯ್ಯೂದು ಯಜ್ಞದಲ್ಲಿ. ಆಡಿನ ಬದ್ಲಿಗೆ ಹಿಟ್ಟಿನ ಪಶು ಬಲಿ ಕೊಡ್ತ. ಗೌರಿ ಎದ್ರಿಗೆ, ಅರಿಶಿನ-ಕುಂಕುಮದ ದಿನ, ಮುತ್ತೈದೆ ಕೈಯಲ್ಲಿ ಬಲಿಯಾ?"

ಚಾಚಿದ್ದ ಕೈಗಳೆಲ್ಲ ಹಿಂದಕ್ಕೆ ಹೋದವು. ಒಬ್ಬಳು ಅಂದಳು, "ಹೌದು ಮಾರಾಯ್ತಿ. ಇಡೀ ಕುಂಬಳಕಾಯಿಗೇ ನಾವು ಮೊದ್ಲು ಕತ್ತಿ ಹಾಕೂದಿಲ್ಲ, ಗಂಡಸರ ಹತ್ರ ಒಡೆಸ್ತೇವೆ. ಇದು ಆನೆ!" ಗಂಡಸರು ಎಲ್ಲಿದ್ದಾರೆ? ಅರಿಶಿನ-ಕುಂಕುಮ ಎಂದು ಮನೆಯಿಂದ ಅಟ್ಟಿಯಾಗಿತ್ತು. ಇನ್ನೊಬ್ಬಳು ಪಿಸುಗುಟ್ಟಿದ್ದು ನನಗೂ ಕೇಳಿಸಿತು, "ಮಡಿಲು ಇನ್ನೂ ತುಂಬದ್ದು ಬೇರೆ."

ಸುಮತಿ ಕತ್ತಿ ಕೆಳಗಿಡಲೂ ಗೊತ್ತಾಗದೆ, ಹಿಡಿದುಕೊಳ್ಳಲೂ ಗೊತ್ತಾಗದೆ ನಿಂತಿದ್ದಳು. ಒಂದು ಮಗು ಅಳಲು ಶುರು ಮಾಡಿತು. ಹೊಳೆಯಬೇಕಿದ್ದದ್ದು ನನಗೆ. ಈ ಮನೆಯ ಶಾಸ್ತ್ರ ಎಲ್ಲ ತಿಳಿದವಳು ನಾನು. ಆನೆ ಚೆಂದ ಆಗಬೇಕು, ಜೀವ ಇರುವ ಹಾಗೆ ಆಗಬೇಕು ಎನ್ನುವ ಹುರುಪಿನಲ್ಲಿ, ಕೊನೆಗೆ ಅದನ್ನು ಯಾರು ಕೊಯ್ಯುವುದು ಎಂದು ಯೋಚಿಸಲೇ ಇಲ್ಲ. ಈಗ ಬೈಗುಳ ಅವಳ ತಲೆಗೆ. ನನಗೆ ಎಲ್ಲಿಂದ ಸಿಟ್ಟು ಬಂತೋ.

ಬಾಗಿಲು ಯಾವಾಗ ತೆರೆದೆನೋ ನೆನಪಿಲ್ಲ.

"ಕತ್ತಿ ಒಳಗಿಟ್ಟಿಕ್ಕಿ ಬಾ ಸುಮತೀ" ಅಂದೆ. "ತುಂಗೇ, ಹೆದರೂದು ಮುತ್ತೈದೆಯರಿಗೆ ಸರಿ. ನಂಗೆ ಎಂತಕ್ಕೆ ಹೆದ್ರಿಕೆ? ಹೋಪದೆಲ್ಲಾ ಹೋಗಿ ಆತು. ಕೊಯ್ದ್ರೆ ಪಶು. ಮುರಿದ್ರೆ ತಂಬಿಟ್ಟು."

ಹರಿವಾಣದ ಮುಂದೆ ಕೂತು ಸೊಂಡಿಲನ್ನು ಪಟಕ್ಕನೆ ಮುರಿದೆ.

ತುಂಗಕ್ಕನ ಮೊಮ್ಮಗಳು ಲಚ್ಚಿ ಎರಡೂ ಕೈ ಚಾಚಿ, "ಸೊಂಡ್ಲು ನಂಗೆ!" ಅಂದಳು. ಕೊಟ್ಟೆ. ಅವಳು ತಿನ್ನುವುದನ್ನು ಇಡೀ ನಡುಮನೆ ನೋಡಿತು, ತುಂಗಕ್ಕನಂತೂ ಉಸಿರು ಹಿಡಿದು. ಲಚ್ಚಿ ನುಂಗಿದಳು, ಬೆರಳು ನೆಕ್ಕಿದಳು, "ಇನ್ನೊಂದು ಸೊಂಡ್ಲು" ಅಂದಳು.

"ಆನೆಗೆ ಎಷ್ಟು ಸೊಂಡ್ಲು ಇರ್ತು ಮಾರಾಯ್ತೀ?" ಎಂದು ಮೊದಲು ನಕ್ಕವಳು ತುಂಗಕ್ಕನೇ. ಆಮೇಲೆ ಎಲ್ಲರೂ. ಒಬ್ಬನಿಗೆ ಕಾಲು, ಒಬ್ಬಳಿಗೆ ದಂತ, ಬಾಲಕ್ಕೆ ಮೂವರ ಜಗಳ. ತುಂಗಕ್ಕ ನನ್ನ ಪಕ್ಕಕ್ಕೆ ಸರಿದು, "ಆ ಕಿವಿ ಇತ್ಲಾಗೆ ಮುರಿ, ಕಾಯಿ ಅಲ್ದಾ ಅದು?" ಎಂದು ಮೆಲ್ಲಗೆ ಕೇಳಿದಳು. ಮುರಿದು ಕೊಟ್ಟೆ.

ಆಗ ತಿಳಿಯಿತು, ನಾನು ನಡುಮನೆಯ ನಡುವೆ, ಕುಂಕುಮದ ಬಟ್ಟಲುಗಳ ಮಧ್ಯೆ ಕೂತಿದ್ದೇನೆ ಎಂದು. ಏಳಲು ನೋಡಿದೆ. ಸೆರಗಿನ ತುದಿಯ ಮೇಲೆ ಲಚ್ಚಿ ಕೂತಿದ್ದಳು, ಏಳಗೊಡಲಿಲ್ಲ. ಯಾರೂ ನನ್ನನ್ನು ಏಳು ಎನ್ನಲಿಲ್ಲ. ಸುಮತಿ ಲೋಟದಲ್ಲಿ ಪಾನಕ ತಂದು ಕೊಟ್ಟು, ನೆನೆಸಿದ ಕಡಲೆಯನ್ನು ನನ್ನ ಬೊಗಸೆಗೆ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು. ನನಗೂ ಅಳು ಬಂತು. ಸಂತೋಷವೋ, ಇವರ ನೆನಪೋ ತಿಳಿಯಲಿಲ್ಲ. ಎರಡೂ ಇದ್ದೀತು. ಪಾನಕದಲ್ಲಿ ಕಾಳುಮೆಣಸು ಜಾಸ್ತಿಯಾಗಿದೆ ಎಂದು ಬೈದು ಕಣ್ಣು ಒರೆಸಿಕೊಂಡೆ.

ಹೋಗುವಾಗ ಯಾರೂ ಏನೂ ಹೇಳಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಕೇರಿ ಏನು ಆಡಿಕೊಳ್ಳುತ್ತದೋ. ನಾಗಪತಿ ಬಂದು ಆನೆಯೆಲ್ಲಿ ಎಂದ. ಅವನಿಗೆಂದು ಬೆನ್ನಿನ ಒಂದು ತುಂಡು ತೆಗೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ಹೊನ್ನ ಬಂದ. ವೆಂಕಟನ ಮಕ್ಕಳಿಗೆ ಒಂದು ಪಾದ ಕಟ್ಟಿ ಕಳಿಸಿದೆ. ಮುಳ್ಳುಹಂದಿಯ ಪಲ್ಯ ರುಚಿಯಾಗಿತ್ತು.

3 ಮೇ, ಗುರುವಾರ

ಮಧ್ಯಾಹ್ನ ತುಂಗಕ್ಕ ಬಂದಳು. ಸೊಸೆಯನ್ನು ಕಳಿಸಲಿಲ್ಲ, ತಾನೇ ಬಂದಳು, ಕೈಯಲ್ಲಿ ಕುಂಕುಮದ ಭರಣಿ ಮತ್ತು ಅಕ್ಷತೆ. ಸೋಮವಾರ ಅಕ್ಷಯ ತದಿಗೆ, ಲಚ್ಚಿಯ ಅಕ್ಷರಾಭ್ಯಾಸವಂತೆ. ಸುಮತಿಗೆ ಕುಂಕುಮ ಹಚ್ಚಿದಳು. ಆಮೇಲೆ ನನ್ನ ಮುಂದೆ ಬಂದು ಕೂತು ಸ್ವಲ್ಪ ಹೊತ್ತು ಭರಣಿಯ ಮುಚ್ಚಳ ತಿರುಗಿಸುತ್ತಾ ಇದ್ದಳು.

"ಆನೆ ಇಲ್ಲದ್ರೆ ಮಣೆ ಮೇಲೆ ಕೂರ್ತ್ನಿಲ್ಲೆ ಹೇಳಿ ಕೂಸು ಹಟ ಹಿಡದ್ದು. ಮಾಡಿ ಕೊಡು ಮಾದೇವಿ. ಬಂದು ಮುರಿದೂ ಕೊಡು. ನಮ್ಮಲ್ಲಿ ಮುಟ್ಟಲೆ ಯಾರಿಗೂ ಧೈರ್ಯ ಇಲ್ಲೆ" ಅಂದಳು. ನನ್ನ ಕೈ ಹಿಡಿದು ಅಂಗೈಗೆ ಅಕ್ಷತೆ ಹಾಕಿದಳು. ವರ್ಷದ ಮೇಲಾಯಿತು, ಯಾರೂ ನನ್ನನ್ನು ಹೀಗೆ ಕರೆದಿರಲಿಲ್ಲ. ನೋಡುತ್ತೇನೆ ಅಂದೆ. ಅಕ್ಷತೆ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಅವಳು ಹೋದ ಮೇಲೆ ಬಿಚ್ಚಿದರೆ ಅಂಗೈಯೆಲ್ಲ ಅರಿಶಿನ.

ಸಂಜೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಈ ಸಲ ಎರಡು ಸೊಂಡಿಲು ಬೇಕೇ ಬೇಕು, ಒಂದು ಬಿಡಿಯಾಗಿ ಮಾಡಿ ಅಡಗಿಸಿಡುವುದು. ಪಕ್ಕದಲ್ಲಿ ಮರಿ ಆನೆಯೂ ಇರಲಿ ಎಂದಳು ಸುಮತಿ. ಪರೀಕ್ಷೆಗೆಂದು ಅವಳೇ ಪಾಕ ಏರಿಸಿದಳು. ಎರಡು ಬೆರಳಿನ ಮಧ್ಯೆ ಎಳೆ ಹಿಡಿದು ತೋರಿಸಿದಳು, ಮುತ್ತಿನ ಹಾಗೆ ಬಂದಿತ್ತು. ಆವತ್ತು ಬರದ ಪಾಕ ಇವತ್ತು ಹೇಗೆ ಬಂತೇ ಎಂದು ಕೇಳಿದೆ. ಭಟ್ಕಳದ ಕೂಸು, ತಲೆ ಬಗ್ಗಿಸಿ ನಕ್ಕಿತೇ ಹೊರತು ಬಾಯಿ ಬಿಡಲಿಲ್ಲ.

ಬೆಲ್ಲ ಸಾಲದು. ಪೇಟೆಗೆ ಹೋಗುವ ನಾಗಪತಿಯ ಕೈಗೆ ಕೊಡಲು ಒಂದು ಚೀಲ ಹುಡುಕಿದೆ. ನಡುಮನೆಯ ಗೂಟದಲ್ಲಿ ಒಂದು ನೇತಾಡುತ್ತಿತ್ತು, ಇಳಿಸಿದೆ. ಒಳಗೆ ಏನೋ ಇದೆ. ನೋಡಿದರೆ ನನ್ನವೇ ಎರಡು ಸೀರೆ, ಜಪಸರ. ಇದನ್ನು ಇಲ್ಲಿ ಯಾಕೆ ತುಂಬಿಟ್ಟಿದ್ದೆ ಎಂದು ಸ್ವಲ್ಪ ಹೊತ್ತು ಹೊಳೆಯಲೇ ಇಲ್ಲ. ಸೀರೆ ಕೊಡವಿ ಪೆಟ್ಟಿಗೆಗೆ ಹಾಕಿ, ಚೀಲ ನಾಗಪತಿಗೆ ಕೊಟ್ಟೆ. ಬೆಲ್ಲ ಹಳದಿಯದು ಬೇಡ, ಆನೆಗೆ ಕಪ್ಪು ಬೆಲ್ಲವೇ ಆಗಬೇಕು ಎಂದು ಹೇಳಿ ಕಳಿಸಿದ್ದೇನೆ.